ದುರ್ಗದ ಬಂಡೆಗಳ ನಡುವೆ ಕಂಡ ಹೂದೋಟ

2024ನೆಯ ಇಸವಿಯ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವವುಂಟಾಗಿ, ಕುಡಿಯುವ ನೀರನ್ನು ಗಿಡಗಳಿಗೆ ಹೊಯ್ಯಕೂಡದೆಂದೂ, ಹೊಯ್ದವರಿಗೆ 5,000 ರೂಪಾಯಿ ದಂಡವೆಂದೂ ಜಲಮಂಡಲಿಯವರು ಆಜ್ಞೆ ಮಾಡಿದುದು ವಾಚಕರಿಗೆ ನೆನಪಿರಬಹುದು. ಆಗ ನಮ್ಮ ಅಂಗಳದ ಗುಲಾಬಿಗಳೂ ಕ್ರೋಟನ್ನುಗಳೂ ಕೆಲವೇ ದಿನಗಳಲ್ಲಿ ಸೊರಗಿಹೋದುವು. ಹತ್ತು ವರುಷ ಅವುಗಳನ್ನು ಸಾಕಿದ ನಮ್ಮ ಮನೆಯವರು ಒಂದು ಮಾತನ್ನೂ ಆಡದೆ ಕುಂಡಗಳನ್ನು ಕವುಚಿಟ್ಟರು. ಆ ಮೌನವು ನಮಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಅದೇ ಏಪ್ರಿಲ್ ತಿಂಗಳಲ್ಲಿ ಕಾರ್ಯಾಂತರದಿಂದ ನಾವಿಬ್ಬರೂ ಚಿತ್ರದುರ್ಗಕ್ಕೆ ಹೋಗಬೇಕಾಯಿತು. ಅದು ಬಯಲುಸೀಮೆ. ಆ ಜಿಲ್ಲೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದುದು 2022ರಲ್ಲಿ ಎಂದರೆ ಅಲ್ಲಿಯ ಮಳೆಯ ಪರಿಯನ್ನು ಊಹಿಸಿಕೊಳ್ಳಬಹುದು.

ಬೆಳಿಗ್ಗೆ ಏಳು ಸುತ್ತಿನ ಕೋಟೆಯನ್ನು ಹತ್ತಿದೆವು. ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಹಿಡಿದಿಡುವುದಕ್ಕಾಗಿ ಹಿಂದಿನವರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ ಮೊದಲಾದವನ್ನು ಕಟ್ಟಿರುವರು. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುತ್ತದೆ. ಹೊಂಡದಿಂದ ದೂರದಲ್ಲಿ, ಮಣ್ಣು ಹಿಡಿಯಷ್ಟೂ ಇಲ್ಲದ ಬಿರುಕೊಂದರಲ್ಲಿ, ತಂಗಡಿಯ ಗಿಡವು ಬಂಗಾರದಂತೆ ಹೂ ಬಿಟ್ಟು ನಿಂತಿತ್ತು. ಅದಕ್ಕೆ ನೀರೆರೆದವರು ಯಾರು?

ಮಧ್ಯಾಹ್ನ ನಾವು ಇಳಿದುಕೊಂಡಿದ್ದ ಬಂಧುಗಳ ಮನೆಯ ಹಿತ್ತಲಿನಲ್ಲಿ ಇದಕ್ಕೆ ಉತ್ತರ ದೊರೆಯಿತು. ಬೇಲಿಯುದ್ದಕ್ಕೂ ಕೆಂಪು ಕಣಗಿಲೆ, ಮೂಲೆಯಲ್ಲಿ ದೇವಗಣಗಿಲೆ, ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ, ಮೆಟ್ಟಿಲ ಬಳಿ ನಿತ್ಯಪುಷ್ಪ, ಬಚ್ಚಲ ಹಿಂದೆ ಲೋಳೆಸರ. ಮನೆಯ ದೊಡ್ಡಮ್ಮನವರು ನಗುತ್ತ, “ಮೊದಲನೆಯ ವರುಷ ಮಗುವಿನ ಹಾಗೆ ಸಾಕಬೇಕಪ್ಪ. ಆಮೇಲೆ ಅವೇ ದುಡಿದು ತಿನ್ನುತ್ತವೆ” ಎಂದರು.

ಈ ಗಿಡಗಳ ಗುಟ್ಟು ಒಂದೊಂದಕ್ಕೆ ಒಂದೊಂದು. ದೇವಗಣಗಿಲೆಯು ದಪ್ಪ ಕಾಂಡದಲ್ಲಿ ನೀರನ್ನು ಕೂಡಿಟ್ಟು, ಬರ ಬಂದಾಗ ಎಲೆಗಳನ್ನು ಉದುರಿಸಿಬಿಡುತ್ತದೆ. ಕಣಗಿಲೆಯ ತೊಗಲಿನಂಥ ಎಲೆಯಿಂದ ತೇವವು ಸುಲಭವಾಗಿ ಆರಿಹೋಗದು. ಲೋಳೆಸರವು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ಗಾಳಿಯನ್ನು ಒಳಗೊಳ್ಳುತ್ತದೆ. ಕಾಗದದ ಹೂವಿಗಂತೂ ನೀರು ಹೆಚ್ಚಾದರೆ ಎಲೆಯೇ ಹೆಚ್ಚು, ಬಣ್ಣ ಕಡಿಮೆ. ಆದರೆ ಒಂದು ಎಚ್ಚರಿಕೆ: ಕಣಗಿಲೆಯ ಸರ್ವಾಂಗವೂ ವಿಷ. ಎಳೆಯ ಮಕ್ಕಳೂ ದನಕರುಗಳೂ ಇರುವ ಮನೆಗಳಲ್ಲಿ ಅದನ್ನು ನೆಡದಿರುವುದೇ ಲೇಸು.

ನೆಡುವ ಕ್ರಮವನ್ನೂ ದೊಡ್ಡಮ್ಮನವರಿಂದ ಕೇಳಿ ತಿಳಿದೆವು. ಮುಂಗಾರು ಹಿಡಿದೊಡನೆ ನೆಡತಕ್ಕದ್ದು. ದೇವಗಣಗಿಲೆಯ ಕೊಂಬೆಯನ್ನು ಕಡಿದು, ಹಾಲು ಆರುವಂತೆ ವಾರದ ಕಾಲ ನೆರಳಿನಲ್ಲಿಟ್ಟ ಮೇಲೆ ಊರಬೇಕು. ಹಸಿಯಾಗಿ ಊರಿದರೆ ಕೊಳೆಯುವುದು. ದಿನವೂ ಚಿಮುಕಿಸಿದ ನೀರಿಗೆ ಬೇರುಗಳು ಮೇಲೆಯೇ ಹರಡುವುವು. ಮಳೆಯಿಲ್ಲದಾಗ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಎರೆದರೆ ಅವು ತೇವವನ್ನರಸಿ ಕೆಳಗಿಳಿಯುವುವು. ಬುಡಕ್ಕೆ ತರಗೆಲೆಯನ್ನು ಹೊದಿಸಬೇಕು; ನೀರು ನಿಲ್ಲಗೊಡಬಾರದು. ಬರವನ್ನು ತಾಳುವ ಗಿಡಗಳು ಬರದಿಂದ ಸಾಯುವುದಕ್ಕಿಂತ ನಮ್ಮ ಅತಿಯಾದ ಅಕ್ಕರೆಯಿಂದ ಸಾಯುವುದೇ ಹೆಚ್ಚು.

ಹಿಂದಿರುಗುವಾಗ ನಮ್ಮ ಮನೆಯವರ ಮಡಿಲಲ್ಲಿ ದೇವಗಣಗಿಲೆಯ ಎರಡು ಕೊಂಬೆಗಳೂ ತಂಗಡಿಯ ಬೀಜದ ಒಂದು ಪೊಟ್ಟಣವೂ ಇದ್ದುವು. ಒಂದು ಕೊಂಬೆಯು ನಮ್ಮ ಅವಸರದಿಂದ ಕೊಳೆತುಹೋಯಿತು, ಮತ್ತೊಂದು ಚಿಗುರಿತು. ಮರುವರುಷದ ಬೇಸಗೆಯಲ್ಲಿ ಪಾತ್ರೆ ತೊಳೆದ ನೀರು ವಾರಕ್ಕೊಂದು ಬಿಂದಿಗೆಯಷ್ಟು ಅದಕ್ಕೆ ಸಾಕಾಯಿತು. ಕವುಚಿಟ್ಟಿದ್ದ ಕುಂಡಗಳನ್ನು ಮನೆಯವರು ತಾವಾಗಿಯೇ ಎತ್ತಿ ನಿಲ್ಲಿಸಿದರು. ಈಗ ಅವುಗಳಲ್ಲಿ ನಿತ್ಯಪುಷ್ಪವು ಅರಳುತ್ತಿದೆ.