ಗೆರೆಯಾಚೆಗೆ ರೋಗಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಊಟಿ ಬಸ್ಸಿಗೆ ಕಾಯುವವರ ಮಾತು ಮಳೆ, ಚೆಂಡು ಹೂವಿನ ರೇಟು ಮುಗಿಸಿ ಕೊನೆಗೆ ಬಿಪಿ, ಶುಗರ್‌ಗೆ ಬಂದು ನಿಲ್ಲುತ್ತದೆ. ‘ಬಿಪಿ ಅದ ಕನಪ್ಪ, ಈಗ ಶುಗರೂ ಸೇರ್ಕಂಡದ’ ಎನ್ನುವಾಗ ಹಿರಿಯರ ದನಿಯಲ್ಲಿ ತುಸು ಗತ್ತೂ ಇರುತ್ತದೆ.

ಈ ಬಿಪಿ ಎಲ್ಲಿಂದ ಶುರು ಎನ್ನುವುದು ಮೈಯೊಂದಕ್ಕೇ ಬಿಟ್ಟ ಮಾತಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 140/90 ಮುಟ್ಟಿದರೆ ರೋಗಿ. ಅಮೆರಿಕದ ಹೃದ್ರೋಗ ತಜ್ಞರು 2017ರಲ್ಲಿ ಆ ಗೆರೆಯನ್ನು 130/80ಕ್ಕೆ ಇಳಿಸಿದರು. 134 ಇರುವ ನಮ್ಮ ಕಡೆಯ ಯಜಮಾನರು ಮಗನನ್ನು ನೋಡಲು ಅಮೆರಿಕಕ್ಕೆ ಹೋದರೆ ವಿಮಾನ ಇಳಿಯುತ್ತಲೇ ರೋಗಿ. ಊರಿಗೆ ಮರಳಿದರೆ ಮಾತ್ರೆ ನುಂಗದೆಯೇ ವಾಸಿ! ಶುಗರಿನದೂ ಇದೇ ಕಥೆ. ಖಾಲಿ ಹೊಟ್ಟೆಯಲ್ಲಿ 140 ಇದ್ದ ಗೆರೆ 1997ರಲ್ಲಿ 126ಕ್ಕೆ ಇಳಿಯಿತು. ರೇಷನ್ ಕಾರ್ಡಿನ ಆದಾಯ ಮಿತಿಗೆ ಒಂದು ರೂಪಾಯಿ ಹೆಚ್ಚಾದ ಕೂಡಲೇ ಬಡವ ಸಾಹುಕಾರನಾಗುತ್ತಾನಲ್ಲ, ಹಾಗೆ. ಗೆರೆ ಬೇಡವೆನ್ನಲಾರೆ, ಅದಿಲ್ಲದಿದ್ದರೆ ಮಾತ್ರೆ ಯಾರಿಗೆ ಕೊಡಬೇಕೆಂದು ಡಾಕ್ಟರಿಗೂ ತಿಳಿಯದು.

ಅಂಕಿಯ ಜೊತೆ ಜಗಳವಾದರೂ ಆಡಬಹುದು. ರಕ್ತದಲ್ಲೇ ಇರುವುದಕ್ಕೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ, ಹೆತ್ತವರಿಂದ ಬರುವ ರಕ್ತದ ಕಾಯಿಲೆ ಇದೆ. ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಕಾಯಿಲೆಯ ಬೆನ್ನು ಹತ್ತಿ ಬಹಳ ಕಾಲವಾಯಿತು. 2047ರೊಳಗೆ ಇದನ್ನು ತೊಲಗಿಸುತ್ತೇವೆಂದು ಕೇಂದ್ರ ಸರ್ಕಾರವೂ 2023ರ ಜುಲೈನಲ್ಲಿ ಹೊರಟಿತು. ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರೆ: ರೋಗಿ, ವಾಹಕ, ಏನೂ ಇಲ್ಲ.

ನನಗೆ ಕಸಿವಿಸಿ ಆ ನಡುವಿನವರ, ಕಾಯಿಲೆಯ ಗುಣ ಹೊತ್ತೂ ರೋಗಿಯಲ್ಲದ ವಾಹಕರ ಬಗ್ಗೆ. ವಾಹಕಿ ಹುಡುಗಿ ಕಾಡು ಸುತ್ತುತ್ತಾಳೆ, ಜೇನು ಸೋಸುತ್ತಾಳೆ, ಸಾಮಾನ್ಯವಾಗಿ ಅವಳಿಗೆ ಯಾವ ತೊಂದರೆಯೂ ಇಲ್ಲ. ಅದೇ ಗುಣ ಮಲೇರಿಯಾ ಕಾಲದಲ್ಲಿ ಅವಳ ಹಿರೀಕರ ಜೀವ ಉಳಿಸಿದ್ದೂ ಇರಬೇಕು. ವಾಹಕರಿಗೆ ಮಲೇರಿಯಾ ಅಷ್ಟು ಉಗ್ರವಾಗಿ ತಗಲುವುದಿಲ್ಲ. ಆದರೂ ಕೈಯಲ್ಲೊಂದು ಆಸ್ಪತ್ರೆಯ ಕಾರ್ಡು ಬಂತೆಂದರೆ ಹಾಡಿಯ ಕಣ್ಣಿಗೆ ಅವಳು ‘ಕಾಯಿಲೆ ಹುಡುಗಿ’. ಸಂಬಂಧ ಕೂಡಿಸುವಾಗ ಕುಲ ಕೇಳುವುದು ಸೋಲಿಗರಿಗೆ ಹೊಸದಲ್ಲ. ಒಂದೇ ಕುಲದೊಳಗೆ ಹೆಣ್ಣು ತರುವುದಿಲ್ಲ. ಹಾಗೆಂದು ಬೇರೆ ಕುಲದವರನ್ನು ಯಾರೂ ಕೀಳೆನ್ನುವುದಿಲ್ಲ. ಈ ಕಾರ್ಡನ್ನೂ ಅಷ್ಟಕ್ಕೇ ಇಟ್ಟುಕೊಂಡರೆ ಸಾಕು.

ಗಂಡು ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಬ್ಬರ ಕಾರ್ಡಿನಲ್ಲಿ ಏನೂ ಇಲ್ಲವೆಂದಿದ್ದರೆ ಆ ಭಯವಿಲ್ಲ. ಆದ್ದರಿಂದ ಹೆಣ್ಣು ನೋಡಲು ಹೋದವರು ಅವಳ ಕಾರ್ಡು ಕಂಡು ಎದ್ದು ಬರಬೇಡಿ. ಮೊದಲು ನಿಮ್ಮ ಹುಡುಗನ ಕಾರ್ಡು ತೆಗೆಯಿರಿ.