ಹಿತ್ತಿಲ ತೆಂಗು ಮತ್ತು ಚೈತ್ರಮಾಸ

ಯುಗಾದಿಯ ದಿನ ಬೇವು-ಬೆಲ್ಲವನ್ನು ಸವಿದು ನಾವೆಲ್ಲರೂ ಹೊಸ ವರ್ಷವನ್ನು ಬರಮಾಡಿಕೊಳ್ಳುವೆವಷ್ಟೆ. ಮಾವು ಚಿಗುರಿ, ಹೊಂಗೆ ತಳಿರೊಡೆದು, ವಸಂತನ ವೈಭವವು ಕಣ್ಣಿಗೆ ಹಬ್ಬವಾಗುವ ಈ ಕಾಲವೇ ಗಿಡಮರಗಳ ಶತ್ರುಗಳಿಗೂ ಸುಗ್ಗಿಯೆಂಬುದನ್ನು ಗೃಹಸ್ಥರಾದವರು ಮರೆಯಲಾಗದು. ನಮ್ಮ ವಾಸವು ಅರಸೀಕೆರೆಯಲ್ಲಿ. ಈ ಸೀಮೆಯಲ್ಲಿ ಮಳೆ ಕಡಮೆ. ಹುಲ್ಲುಹಾಸಿನ ಸೊಗಸನ್ನು ನೋಡಬೇಕೆನಿಸಿದರೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಂಗಳಕ್ಕೆ ಹೋಗಿಬರುವೆವು. ನಮ್ಮ ಹಿತ್ತಿಲಿನ ಐಶ್ವರ್ಯವೆಂದರೆ ಏಳು ತೆಂಗಿನ ಮರಗಳು. ಕಳೆದ ಚೈತ್ರದಿಂದೀಚೆಗೆ ಆರು. ಆ ಏಳನೆಯದರ ವೃತ್ತಾಂತವು ವಾಚಕರಿಗೂ ಉಪಯೋಗವಾದೀತೆಂದು ಬರೆಯುತ್ತಿರುವೆವು.

ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ಆ ಕಾಯಿ ಅಟ್ಟವನ್ನೇರಿ, ನೀರಿಂಗಿ, ಉಂಡೆ ಕೊಬ್ಬರಿಯಾಗಲು ಮತ್ತೆ ಎಂಟು ಹತ್ತು ತಿಂಗಳು. ಹೀಗಾಗಿ ಈ ಚೈತ್ರದಲ್ಲಿ ಮರಕ್ಕೆ ತಗುಲಿದ ಕೇಡು ಮನೆಯ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು ಎರಡು ವರ್ಷಗಳ ತರುವಾಯವೇ. ಆಗ ಮರುಗಿದರೆ ಫಲವೇನು?

ತೆಂಗಿನ ಶತ್ರುಗಳಲ್ಲಿ ಮೊದಲನೆಯದು ಮೂಗಿನ ಮೇಲೆ ಕೊಂಬುಳ್ಳ ಕಪ್ಪು ದುಂಬಿ. ಇದನ್ನು ಕುರುವಾಯಿ ಕೀಟವೆನ್ನುವರು. ಇದು ತಿಪ್ಪೆಗುಂಡಿಗಳಲ್ಲಿ ಹುಟ್ಟಿ ಬೆಳೆದು, ರಾತ್ರಿಯಲ್ಲಿ ಹಾರಿಬಂದು, ಬಿಚ್ಚದ ಸುಳಿಯನ್ನು ಕೊರೆಯುವುದು. ಮುಂದೆ ಆ ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದಂತೆ ಕಾಣುವುದು. ಎರಡನೆಯದು ಕಪ್ಪು ತಲೆ ಹುಳು. ಬೇಸಗೆಯಲ್ಲಿ ಇದರ ಹಾವಳಿ ಹೆಚ್ಚು. ಗರಿಯ ಅಡಿಯಲ್ಲಿ ಬಲೆ ಹೆಣೆದುಕೊಂಡು ಹಸುರನ್ನು ಕೆರೆದು ತಿನ್ನುವುದರಿಂದ ತೋಟಕ್ಕೆ ಬೆಂಕಿ ತಾಗಿದಂತೆ ತೋರುವುದು. ಇನ್ನೊಂದು ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ನಾಡಿಗೂ ಹಬ್ಬಿದ ಇದು ಕಣ್ಣಿಗೆ ಕಾಣದಷ್ಟು ಸಣ್ಣದು. ಎಳೆಗಾಯಿಯ ತೊಟ್ಟಿನ ಕೆಳಗೆ ಸೇರಿ ರಸ ಹೀರುವುದು. ಎಲ್ಲಕ್ಕಿಂತ ಕ್ರೂರವಾದುದು ಕೆಂಪು ಮೂತಿ ಹುಳು. ದುಂಬಿ ಕೊರೆದ ಗಾಯವೋ ಕತ್ತಿಯ ಗಾಯವೋ ಸಿಕ್ಕಿದರೆ ಸಾಕು, ಅಲ್ಲಿ ಮೊಟ್ಟೆಯಿಡುವುದು. ಮರಿಗಳು ಮರದ ಒಡಲನ್ನೇ ತಿನ್ನುವುವು.

ನಮ್ಮ ಏಳನೆಯ ಮರಕ್ಕೆ ಬಂದುದು ಇದೇ ಮಾರಿ. ಕಾಂಡದಿಂದ ಕಂದು ರಸ ಸೋರಿತು. ಅಗಿದ ನಾರು ರಂಧ್ರಗಳಿಂದ ಹೊರಬಂತು. ಕಿವಿಗೊಟ್ಟರೆ ಒಳಗೆ ಕರಕರ ಸದ್ದು. ಆರಂಭದಲ್ಲಿಯೇ ತಿಳಿದರೆ ಚಿಕಿತ್ಸೆಯಿಂದ ಮರ ಉಳಿಯುವುದುಂಟು. ಆದರೆ ಇದರ ಸುಳಿಯು ಆಗಲೇ ಬಾಡಿ ವಾಲಿದ್ದಿತು. ಕಡಿದು ಸುಡುವುದೊಂದೇ ದಾರಿಯೆಂದು ತಿಳಿದವರು ಹೇಳಿದರು. ಅತ್ತೆಯವರು ಒಪ್ಪಲಿಲ್ಲ. ಹಿರಿಯ ಮಗ ಹುಟ್ಟಿದ ವರ್ಷ ಮಾವನವರು ಸ್ವಹಸ್ತದಿಂದ ನೆಟ್ಟ ಮರವದು. "ನಾನಿರುವ ತನಕ ಅದಕ್ಕೆ ಕೊಡಲಿ ಹಾಕಿಸಬೇಡಿ" ಎಂದು ಕಣ್ಣೀರಿಟ್ಟರು. ಅವರ ಮಾತನ್ನು ಮೀರುವುದು ನಮ್ಮಿಂದಾಗಲಿಲ್ಲ. ಮಿಕ್ಕ ಮರಗಳ ಚಿಂತೆಯೂ ಬಿಡಲಿಲ್ಲ.

ಆ ವಾರ ಅತ್ತೆಯವರ ತಮ್ಮಂದಿರು ಬೇಲೂರಿನ ಕಡೆಯಿಂದ ಬಂದರು. ಅವರದು ಕಾಫಿ ತೋಟ. ಕಾಂಡ ಕೊರೆಯುವ ಬಿಳಿ ಹುಳು ಹೊಕ್ಕ ಅರೇಬಿಕಾ ಗಿಡಗಳನ್ನು, ಚೈತ್ರ ವೈಶಾಖಗಳಲ್ಲಿ ದುಂಬಿಗಳು ಹೊರಟು ಹಾರುವುದಕ್ಕೆ ಮೊದಲೇ ಕಿತ್ತು ಸುಡುವುದು ಅಲ್ಲಿಯ ವಾಡಿಕೆ. ಅವರು ಮರವನ್ನು ತಟ್ಟಿ ನೋಡಿ, "ಅಕ್ಕಾ, ಇದನ್ನು ಹೀಗೆಯೇ ಬಿಟ್ಟರೆ ಮಿಕ್ಕ ಆರರ ಲೆಕ್ಕವನ್ನು ಭಾವನವರಿಗೆ ಯಾರು ಒಪ್ಪಿಸಬೇಕು?" ಎಂದರು. ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ತಾವೇ ಮರಕ್ಕೆ ಅರಿಸಿನ ಕುಂಕುಮವಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಡಿದು ಸೀಳಿದಾಗ ಒಳಗೆ ಹುಳುಗಳೂ ನಾರಿನಿಂದ ಹೆಣೆದ ಗೂಡುಗಳೂ ತುಂಬಿದ್ದುವು. ಎಲ್ಲವನ್ನೂ ಅಲ್ಲಿಯೇ ಸುಟ್ಟೆವು.

ಈಗ ಉಳಿದ ಮರಗಳಿಗೆ ನಾವು ಮಾಡುತ್ತಿರುವ ಉಪಚಾರವನ್ನು ಹೇಳುವೆವು. ಸುಳಿಯ ಸುತ್ತಿನ ಗರಿಯ ಕಂಕುಳಿಗೆ ಬೇವಿನ ಹಿಂಡಿಯನ್ನು ಮರಳಿನೊಡನೆ ಬೆರೆಸಿ ತುಂಬಿಸುವುದು. ಹಸಿ ಗರಿಯನ್ನು ಕಡಿಯಲೇಬೇಕಾದರೆ ಬುಡದಲ್ಲಿ ಸುಮಾರು 120 ಸೆಂಟಿಮೀಟರ್ ಮಟ್ಟೆಯನ್ನು ಉಳಿಸುವುದು. ಏರಲು ಕಾಂಡದಲ್ಲಿ ಮೆಟ್ಟಿಲು ಕಡಿಯಗೊಡದಿರುವುದು. ತಿಪ್ಪೆಯನ್ನು ಆಗಾಗ ತಿರುವಿ ಹುಳುಗಳನ್ನು ಆರಿಸುವುದು. ನುಸಿಗೆ ಹತ್ತು ಲೀಟರ್ ನೀರಿಗೆ 200 ಮಿಲಿಲೀಟರ್ ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿಯ ರಸ, 50 ಗ್ರಾಂ ಸಾಬೂನು ಕಲಸಿ ಎಳೆಗೊನೆಗಳಿಗೆ ಸಿಂಪಡಿಸುವುದು. ಕಪ್ಪು ತಲೆ ಹುಳುವಿಗಾದರೋ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ಸಾಕಿ ತೋಟದಲ್ಲಿ ಬಿಡುವ ಉಪಾಯವಿದೆ. ಅದು ಹುಳುವಿನ ಮೇಲೆಯೇ ತನ್ನ ಮೊಟ್ಟೆಯಿಟ್ಟು ಅದನ್ನು ಮುಗಿಸುವುದು. ಸಂಶಯ ಬಂದವರು ನಮ್ಮೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರದಂಥ ಸ್ಥಳಗಳಲ್ಲಿ ವಿಚಾರಿಸುವುದು ಲೇಸು.

ಶತ್ರುವಿಗೆ ಶತ್ರುವನ್ನು ಒಡ್ಡುವ ಈ ನಿಯಮ ಪ್ರಕೃತಿಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಮದನಿಕೆಯೊಬ್ಬಳ ತಲೆಯ ಮೇಲಣ ಲತಾಮಂಟಪದ ಹಣ್ಣಿನಲ್ಲಿ ಕುಳಿತ ನೊಣವನ್ನೂ, ಅದಕ್ಕೆ ಹೊಂಚುಹಾಕಿದ ಹಲ್ಲಿಯನ್ನೂ ಶಿಲ್ಪಿಯು ಕಡೆದಿರುವನು. ತೋಟವನ್ನು ಕಣ್ಣಿಟ್ಟು ನೋಡಿದವನ ಕೈಯದು.

ಅತ್ತೆಯವರು ಈಗ ಪ್ರತಿ ಶುಕ್ರವಾರ ಆರು ಮರಗಳಿಗೂ ಕಿವಿಗೊಟ್ಟು ಆಲಿಸಿ ಬರುವರು. ಸದ್ದಿಲ್ಲವೆಂದು ಅವರು ಹೇಳಿದ ಮೇಲೆಯೇ ನಮಗೆ ಊಟ ರುಚಿಸುವುದು.