ಗ್ರೇಸನ್ ಹೋದ ವಾರ

ಡಿಸೆಂಬರ್ 8, 2023, ಶುಕ್ರವಾರ

ಕಂಠೀರವ ಕ್ರೀಡಾಂಗಣದಿಂದ ಫುಟ್‌ಬಾಲ್ ನೋಡಿ ಬಂದು ಕೂತಿದ್ದೇನೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಮುಂಬೈ ಸಿಟಿ ನಾಲ್ಕು, ನಮ್ಮ ಬೆಂಗಳೂರು ಎಫ್‌ಸಿ ಸೊನ್ನೆ. ಅದೂ ನಮ್ಮದೇ ಅಂಗಳದಲ್ಲಿ. ಮೂರನೆಯ ಗೋಲಿಗೇ ಜನ ಎದ್ದು ಹೊರಟರು. ನಾನು ಎದ್ದಿಲ್ಲ; ಭಕ್ತಿಯಿಂದಲ್ಲ, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೇನೆ ಅಂತ.

ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ರೈಲಿಗೆ ಕಾಯುವಾಗ ಬಾಮೈದನ ಮೊದಲ ಮಾತು: “ಭಾವ, ಮುಂದೆ ಯಾರನ್ನ ತರ್ತಾರೆ?” ಗ್ರೇಸನ್ ಇನ್ನೂ ಕೋಚ್ ಆಗಿಯೇ ಇದ್ದಾರೆ ಮಾರಾಯ! ಜೀವ ಹೋಗುವ ಮುಂಚೆಯೇ ತಿಥಿಗೆ ಅಡುಗೆ ಭಟ್ಟರನ್ನು ಗೊತ್ತುಮಾಡಿದ ಹಾಗಾಯಿತು. ಆದರೂ ಮನೆ ಮುಟ್ಟುವವರೆಗೆ ನಾವಿಬ್ಬರೂ ಮಾತಾಡಿದ್ದು ಅದೊಂದನ್ನೇ.

ಡಿಸೆಂಬರ್ 9, ಶನಿವಾರ

ಬಾಮೈದನ ಬಾಯಿಗೆ ಸಕ್ಕರೆ ಹಾಕಬೇಕೋ ಬೇವು ಹಾಕಬೇಕೋ. ಬೆಂಗಳೂರು ಎಫ್‌ಸಿ ಸೈಮನ್ ಗ್ರೇಸನ್ ಅವರನ್ನು ಕಳಿಸಿಕೊಟ್ಟಿತು.

ಈ ಮನುಷ್ಯನಿಗೆ ಅನ್ಯಾಯ ಮಾಡಬಾರದು. 2022ರ ಜೂನ್‌ನಲ್ಲಿ ಬಂದರು, ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಇದೇ ಮುಂಬೈಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಎತ್ತಿದರು. ಆಮೇಲೆ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ತಂಡ ಪಾತಾಳ ಸೇರಿತ್ತು. ಅಲ್ಲಿಂದ ಸತತ ಎಂಟು ಪಂದ್ಯ ಗೆದ್ದು ಮೇಲೆ ಬಂತು. ಈ ಮಾರ್ಚ್‌ನ ಸೆಮಿಫೈನಲ್‌ನಲ್ಲಿ, ಇದೇ ಕಂಠೀರವದಲ್ಲಿ, ಪೆನಾಲ್ಟಿಯಲ್ಲಿ 9-8ರ ಗೆಲುವು. ಆ ರಾತ್ರಿ ಪಕ್ಕದಲ್ಲಿ ಕೂತಿದ್ದ, ಗುರುತು ಪರಿಚಯ ಇಲ್ಲದ ಹೆಂಗಸೊಬ್ಬರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆಳಿಗ್ಗೆ ಉಗುರಿನ ಗುರುತಿತ್ತು. ಗೋವಾದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಸೋತದ್ದೂ ಪೆನಾಲ್ಟಿಯಲ್ಲೇ.

ಆಮೇಲೆ ಬೇಸಿಗೆ ಬಂತು, ಆಟಗಾರರು ಬೇರೆ ತಂಡಗಳಿಗೆ ಹೊರಟರು. ರಾಯ್ ಕೃಷ್ಣ ಒಡಿಶಾಕ್ಕೆ, ಜಿಂಗನ್ ಮತ್ತು ಉದಾಂತ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ಉಳಿದ ಛೆಟ್ರಿಗೆ 39 ವರ್ಷ. ಈ ಸೀಸನ್ನಿನಲ್ಲಿ ಇದುವರೆಗೆ ಕಂಡದ್ದು ಒಂದೇ ಗೆಲುವು. ಅಂಗಡಿಯ ಸಾಮಾನೆಲ್ಲ ಹೋದಮೇಲೆ ಗಲ್ಲಾದಲ್ಲಿ ಕೂತವನನ್ನು ಬೈದು ಏನು ಬಂತು?

ಡಿಸೆಂಬರ್ 10, ಭಾನುವಾರ

ಬೆಳಿಗ್ಗೆ ಆಸ್ಟಿನ್ ಟೌನ್‌ನ ನಂದನ್ ಗ್ರೌಂಡಿಗೆ ಹೋಗಿದ್ದೆ. ನಾವೆಲ್ಲ ಅಂಕಲ್ ಎಂದು ಕರೆಯುವ ಹಿರಿಯರು ಎಂದಿನಂತೆ ಗೋಲ್ ಪೋಸ್ಟಿನ ಹಿಂದೆ, ಕಾಂಪೌಂಡ್ ಮೇಲೆ. ಒಂದು ಕಾಲದಲ್ಲಿ ಸೂಪರ್ ಡಿವಿಷನ್‌ನಲ್ಲಿ ರೈಟ್ ಬ್ಯಾಕ್ ಆಡಿದವರು. ಈಗ ಮಂಡಿ ಬಗ್ಗುವುದಿಲ್ಲ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಬಾಮೈದನೂ ಬಂದ. ಅಂಕಲ್ ಜೇಬಿನಿಂದ ಯಾರದೋ ಲಗ್ನಪತ್ರಿಕೆ ತೆಗೆದು, ಅದರ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಮುಂದಿನ ಕೋಚ್ ಆಗಬಹುದಾದ ಐದು ಹೆಸರು ಗೀಚಿದರು. “ಒಬ್ಬೊಬ್ಬರನ್ನೇ ತೆಗೀರಿ ನೋಡೋಣ.”

ಮೊದಲು ಕಾರ್ಲೆಸ್ ಕ್ವಾದ್ರಾತ್. ಬಾಮೈದನ ದೇವರು. 2019ರ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್ ಮುಗಿಯುತ್ತ ಬಂದಾಗ ಭೇಕೆ ತಲೆಯಿಂದ ಹೊಡೆದ ಗೋಲು, ನಮ್ಮ ಒಂದೇ ಒಂದು ಐಎಸ್‌ಎಲ್ ಕಪ್ಪು, ಎಲ್ಲ ಇವರ ಕಾಲದ್ದು. “ಕಾಲಿಗೆ ಬಿದ್ದಾದರೂ ವಾಪಸ್ ಕರೀಬೇಕು ಭಾವ!” ಅವರು ಈಗ ಈಸ್ಟ್ ಬೆಂಗಾಲ್ ಕೋಚ್. ತಮಾಷೆ ಏನೆಂದರೆ, ಈ ಸಲದ ನಮ್ಮ ಆ ಒಂದು ಗೆಲುವೂ ಅವರ ತಂಡದ ಮೇಲೆಯೇ. ಅಂಕಲ್ ಗೀಟು ಎಳೆದರು.

ಎರಡನೆಯದು ಆ್ಯಶ್ಲಿ ವೆಸ್ಟ್‌ವುಡ್, 2013ರಲ್ಲಿ ಕ್ಲಬ್ಬು ಹುಟ್ಟಿದಾಗಿನ ಮೊದಲ ಕೋಚ್. ಹೊಸ ತಂಡವನ್ನು ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿದವರು, 2016ರಲ್ಲಿ ಇನ್ನೊಂದು ಸಲ. ಆದರೆ ಅಫ್ಗಾನಿಸ್ತಾನದ ತಂಡ ಹಿಡಿದು ಇನ್ನೂ ತಿಂಗಳು ಕಳೆದಿದೆಯೋ ಇಲ್ಲವೋ. ಗೀಟು. ಮೂರನೆಯದಾಗಿ, ನಮ್ಮ ಇನ್ನೊಬ್ಬ ಹಳೆಯ ಕೋಚ್ ರೋಕಾ ಹೆಸರು ಬಂದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ದೋಹಾದವರೆಗೆ ಕರೆದುಕೊಂಡು ಹೋದರಲ್ಲ! ಬರುತ್ತಾರೆಂಬ ನಂಬಿಕೆ ಯಾರಿಗೂ ಇಲ್ಲ. ಗೀಟು.

ಉಳಿದದ್ದು ಇಬ್ಬರು ಭಾರತೀಯರು: ಖಾಲಿದ್ ಜಮೀಲ್ ಮತ್ತು ಸಂತೋಷ್ ಟ್ರೋಫಿ ಗೆದ್ದ ಕರ್ನಾಟಕ ತಂಡದ ಕೋಚ್ ರವಿ ಬಾಬು ರಾಜು. ಅಂಕಲ್ ಈ ಪಟ್ಟಿ ಮಾಡಿದ್ದೇ ಈ ಇಬ್ಬರಿಗಾಗಿ ಎಂದು ಆಗ ಗೊತ್ತಾಯಿತು.

“ನಲವತ್ತೇಳು ವರ್ಷ ಅಲ್ಲ, ಐವತ್ತು ವರ್ಷ ಅಲ್ಲ, ಐವತ್ನಾಲ್ಕು ವರ್ಷ ಮಗಾ. ಮೈಸೂರು ರಾಜ್ಯ ಅಂತ ಇದ್ದಾಗ ಗೆದ್ದ ಸಂತೋಷ್ ಟ್ರೋಫಿ. ಮತ್ತೆ ಈ ವರ್ಷ ರಿಯಾದ್‌ನಲ್ಲಿ ತಂದವನು ಯಾರು? ಸ್ಪೇನ್‌ನವನಾ?” ಮೇಘಾಲಯದ ಮೇಲೆ 3-2ರ ಆ ಫೈನಲ್ಲನ್ನು ಅವರು ಇನ್ನೂ ನಿಮಿಷ ನಿಮಿಷ ಹೇಳಬಲ್ಲರು.

ಬಾಮೈದ ಬಿಡಲಿಲ್ಲ. “ಅಂಕಲ್, ಅದು ಬೇರೆ, ಇದು ಬೇರೆ. ಅಲ್ಲಿ ಎಲ್ಲಾ ಇಲ್ಲಿನ ಲೀಗ್ ಹುಡುಗರು. ಐಎಸ್‌ಎಲ್ ಅಂದ್ರೆ ಆರು ತಿಂಗಳ ಲೀಗು, ವಿದೇಶಿ ಆಟಗಾರರು, ಪ್ರೊ ಲೈಸೆನ್ಸು...” ಲೈಸೆನ್ಸ್ ಎಂದದ್ದೇ ತಡ, ಅಂಕಲ್ ಸಿಡಿದರು. “ಲೈಸೆನ್ಸ್ ಇದ್ದೋರೆಲ್ಲ ಗಾಡಿ ಸರಿಯಾಗಿ ಓಡಿಸ್ತಾರೇನಲೇ ನಿಮ್ಮ ಬೆಂಗಳೂರಲ್ಲಿ?” ಆಡುತ್ತಿದ್ದ ಹುಡುಗರೂ ನಿಂತು ನಕ್ಕರು.

ಖಾಲಿದ್ ವಿಷಯದಲ್ಲಿ ವಾದ ನಿಜಕ್ಕೂ ಕಾವೇರಿತು. ಐಜ್ವಾಲ್‌ನಂಥ ಸಣ್ಣ ಊರಿನ ಕ್ಲಬ್ಬಿಗೆ 2017ರಲ್ಲಿ ಐ-ಲೀಗ್ ಗೆದ್ದುಕೊಟ್ಟವರು. 2021ರ ಜನವರಿಯಲ್ಲಿ ನಾವು ಕ್ವಾದ್ರಾತ್ ಅವರನ್ನು ಕಳಿಸಿದೆವು. ಅದೇ ತಿಂಗಳು ನಾರ್ತ್ ಈಸ್ಟ್ ಯುನೈಟೆಡ್ ಕೂಡ ತನ್ನ ಸ್ಪೇನ್ ಕೋಚನ್ನು ಕಳಿಸಿತು. ಎರಡೂ ಕಡೆ ಹಂಗಾಮಿಗೆ ಭಾರತೀಯರು. ಅಲ್ಲಿ ಖಾಲಿದ್ ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಇಲ್ಲಿ ನೌಷಾದ್ ಮೂಸಾ ಕೈಯಲ್ಲಿ ನಾವು ಏಳನೆಯವರು. ಅಂಕಲ್ ಮೊದಲನೆಯದನ್ನು ಹೇಳುತ್ತಾರೆ, ಬಾಮೈದ ಎರಡನೆಯದನ್ನು. ಇಬ್ಬರದೂ ಸುಳ್ಳಲ್ಲ. ನನಗೆ ಕಾಣುವುದು ಇಷ್ಟು: ವಿದೇಶಿ ಕೋಚ್ ಸೋತರೆ ಆ ವ್ಯಕ್ತಿ ಸರಿಯಿಲ್ಲ ಅನ್ನುತ್ತೇವೆ, ನಮ್ಮವರು ಸೋತರೆ ನಮ್ಮವರೇ ಇಷ್ಟು ಅನ್ನುತ್ತೇವೆ. ಖಾಲಿದ್ ಈಗ ಯಾವ ತಂಡದಲ್ಲೂ ಇಲ್ಲ. ಕೈಗೆ ಸಿಗುವ ಮನುಷ್ಯ. ನನ್ನ ಓಟು ಅವರಿಗೇ ಹಾಕಿದೆ.

ಲಗ್ನಪತ್ರಿಕೆ ನಾನೇ ಇಟ್ಟುಕೊಂಡೆ. ಈ ಪುಟಕ್ಕೆ ಅಂಟಿಸಿದ್ದೇನೆ.

ಡಿಸೆಂಬರ್ 12, ಮಂಗಳವಾರ

ಆಫೀಸಿನಲ್ಲಿರುವ ಕೇರಳ ಬ್ಲಾಸ್ಟರ್ಸ್ ಅಭಿಮಾನಿ ಹುಡುಗ ಊಟದ ಹೊತ್ತಿಗೆ ಬಂದು, “ಇವಾನ್‌ನ ಕೇಳ್ಬೇಡಿ ಸಾರ್, ಕೊಡಲ್ಲ” ಎಂದ. ಅವರ ಕೋಚನ್ನು ನಾವು ಕೇಳೇ ಇಲ್ಲವಲ್ಲಪ್ಪ. ಕೇರಳದ ಮೇಲೆ ನಮ್ಮ ಛೆಟ್ರಿ ಹೊಡೆದ ಆ ಫ್ರೀ ಕಿಕ್ಕಿನ ಉರಿ ಇವನಿಗೆ ಇನ್ನೂ ಆರಿಲ್ಲ. ಅದನ್ನು ಪ್ರತಿಭಟಿಸಿ ತಂಡವನ್ನು ಮೈದಾನದಿಂದ ಕರೆದುಕೊಂಡು ಹೋದ ಇವಾನ್‌ಗೆ ಹತ್ತು ಪಂದ್ಯದ ನಿಷೇಧ ಆಯಿತು, ಆದರೂ ಅಲ್ಲಿ ಅವರೇ ಕೋಚ್. ನಗಾಡಿಕೊಂಡು ಬಂದರೂ, ಆ ಮಾತಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಡಿಸೆಂಬರ್ 13, ಬುಧವಾರ

ಸುಮ್ಮನೆ ಕೂತು ಲೆಕ್ಕ ಹಾಕಿದೆ. 2013ರ ಜುಲೈನಿಂದ 2021ರ ಜನವರಿವರೆಗೆ ಏಳೂವರೆ ವರ್ಷ, ಕೋಚ್‌ಗಳು ಮೂವರು: ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್. ಅಲ್ಲಿಂದ ಇವತ್ತಿನವರೆಗೆ ಮೂರು ವರ್ಷ ತುಂಬಿಲ್ಲ, ಮತ್ತೆ ಮೂವರು: ಮೂಸಾ, ಪೆಟ್ಸಾಯುವೋಲಿ, ಗ್ರೇಸನ್. ಮೊದಲಿನವರ ಕಾಲದಲ್ಲಿ ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್. ಆಮೇಲಿನದು ಒಂದು ಡುರಾಂಡ್. ಒಳ್ಳೆಯವರು ಅಂತ ಉಳಿಸಿಕೊಂಡರೋ, ಉಳಿಸಿಕೊಂಡಿದ್ದರಿಂದ ಒಳ್ಳೆಯವರಾದರೋ, ಬಾಮೈದನನ್ನು ಕೇಳಿದೆ. “ಮಲಕ್ಕೊಳ್ಳಿ ಭಾವ” ಅಂದ.

ಡಿಸೆಂಬರ್ 15, ಶುಕ್ರವಾರ

ಹೆಸರು ಬಂತು. ಜೆರಾರ್ಡ್ ಜರಗೋಜಾ. ಲಗ್ನಪತ್ರಿಕೆಯ ಐವರಲ್ಲಿ ಯಾರೂ ಅಲ್ಲ. ಕ್ವಾದ್ರಾತ್ ಕೈಕೆಳಗೆ ಇಲ್ಲೇ ಅಸಿಸ್ಟೆಂಟ್ ಆಗಿದ್ದವರು, ಐಎಸ್‌ಎಲ್ ಗೆದ್ದ ಸೀಸನ್ನಿನಲ್ಲಿ. ಬಾಮೈದನಿಗೆ ದೇವರು ಸಿಗಲಿಲ್ಲ, ಅರ್ಚಕರು ಸಿಕ್ಕ ಸಮಾಧಾನ. ಅಂಕಲ್‌ಗೆ ಫೋನ್ ಮಾಡಿದರೆ, “ಸ್ಪೇನೇ ತಾನೆ?” ಎಂದು ಇಟ್ಟುಬಿಟ್ಟರು.

ಖಾಲಿದ್‌ಗೆ ಕೊಡಬೇಕಿತ್ತು ಎನ್ನುವುದರಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ತಂದಾಗಿದೆ. ಇನ್ನು ಕನಿಷ್ಠ ಎರಡು ಸೀಸನ್ ಈ ಮನುಷ್ಯನ ತಂಟೆಗೆ ಹೋಗದೆ, ಹೋದ ಡಿಫೆಂಡರುಗಳ ಜಾಗಕ್ಕೆ ಆಳು ತರಲಿ.